ಹಳೇಬೀಡು ಮೊದಲು, ಬೇಲೂರು ಆಮೇಲೆ: ಮೊಮ್ಮಕ್ಕಳನ್ನು ಕರೆದುಕೊಂಡು ಹೊರಡುವ ತಾತ-ಅಜ್ಜಿಯರಿಗಾಗಿ ಒಂದು ವಿಮರ್ಶೆ

ಡಿಸೆಂಬರ್ ಕೊನೆಯ ರಜೆಗೆ ಮೊಮ್ಮಕ್ಕಳು ಹಾಸನಕ್ಕೋ ಚಿಕ್ಕಮಗಳೂರಿಗೋ ಬಂದಿಳಿದ ಕೂಡಲೇ ಮನೆಯಲ್ಲಿ ಏಳುವ ಮೊದಲ ಮಾತು ಮುಳ್ಳಯ್ಯನಗಿರಿ. ಮಂಜು, ಗಾಳಿ, ಬೆಟ್ಟ ಎಲ್ಲವೂ ಚೆನ್ನ. ಆದರೆ ಅರವತ್ತೈದು ದಾಟಿದ ತಾತ-ಅಜ್ಜಿ ಇಬ್ಬರೇ, ನಾಲ್ಕರಿಂದ ಹನ್ನೆರಡು ವರ್ಷದ ಮಕ್ಕಳನ್ನು ಕರೆದುಕೊಂಡು ಹೊರಡುವುದಾದರೆ ಅದು ಸರಿಯಾದ ಆಯ್ಕೆಯಲ್ಲ. ದಾರಿಯ ತಿರುವುಗಳಲ್ಲಿ ಮಕ್ಕಳಿಗೆ ವಾಂತಿ, ತುದಿಯಲ್ಲಿ ಕಡಿದಾದ ಮೆಟ್ಟಿಲು, ಮೇಲೆ ಗಾಳಿಗೆ ಮರೆಯೇ ಇಲ್ಲ. ವಾಹನಕ್ಕೆ ಮುಂಗಡ ಆನ್‌ಲೈನ್ ನೋಂದಣಿಯೂ ಬೇಕು. ಆ ಹೊತ್ತಿಗೆ ನೆಮ್ಮದಿಯಾಗಿ ಹೋಗಿ ಬರಬಹುದಾದ ಜಾಗ ಹೊಯ್ಸಳರ ಕಾಲದ ಗುಡಿಗಳಿರುವ ಹಳೇಬೀಡು ಮತ್ತು ಬೇಲೂರು. ಇಲ್ಲಿನ ಬಸ್ಸು, ಗೈಡು, ಊಟ, ನಡಿಗೆ ಇವೆಲ್ಲ ಅಜ್ಜಿ-ಮೊಮ್ಮಕ್ಕಳ ಜೋಡಿಗೆ ಎಷ್ಟು ಒಗ್ಗುತ್ತವೆ ಎಂಬುದೇ ಈ ವಿಮರ್ಶೆ.

ಮೊದಲ ಮಾತು ಕ್ರಮದ ಬಗ್ಗೆ. ಟ್ಯಾಕ್ಸಿಯವರೂ ಪ್ಯಾಕೇಜ್ ಟೂರಿನವರೂ ಸಾಮಾನ್ಯವಾಗಿ ಬೇಲೂರು ತೋರಿಸಿ ಆಮೇಲೆ ಹಳೇಬೀಡಿಗೆ ಕರೆದೊಯ್ಯುತ್ತಾರೆ. ಮಕ್ಕಳಿದ್ದರೆ ಇದನ್ನು ತಿರುಗಿಸಿ. ಹಳೇಬೀಡಿನಲ್ಲಿ ನೋಡಬೇಕಾದದ್ದು ಮಗುವಿನ ಕಣ್ಣಿನ ಮಟ್ಟದಲ್ಲಿದೆ. ಬೇಲೂರಿನ ಮದನಿಕೆಯರು (ಚೆಲುವೆಯರ ಶಿಲ್ಪಗಳು) ತಲೆಯ ಮೇಲೆ, ಸೂರಿನ ಕೆಳಗೆ ಇದ್ದಾರೆ. ಬೆಳಗಿನ ಹುರುಪಿನಲ್ಲಿ ಮಗು ಓಡಾಡಿ ಮುಟ್ಟುವಷ್ಟು ಹತ್ತಿರದಿಂದ ನೋಡಲಿ (ಮುಟ್ಟುವುದು ಮಾತ್ರ ಬೇಡ, ಕೈಯ ಬೆವರು ಮತ್ತು ಎಣ್ಣೆ ಕಲ್ಲನ್ನು ಕಪ್ಪಾಗಿಸುತ್ತದೆ). ಕತ್ತೆತ್ತಿ ನಿಲ್ಲುವ ಕೆಲಸ ಮಧ್ಯಾಹ್ನದ ಮೇಲಿರಲಿ. ಇನ್ನೊಂದು ಕಾರಣ ಬಸ್ಸು. ಬೇಲೂರಿನಿಂದ ಹಾಸನಕ್ಕೂ ಚಿಕ್ಕಮಗಳೂರಿಗೂ ಸಂಜೆಯಲ್ಲಿ ಬಸ್ಸುಗಳು ಒಂದರ ಹಿಂದೆ ಒಂದು ಸಿಗುತ್ತವೆ. ಹಳೇಬೀಡಿನಲ್ಲಿ ಹೊತ್ತು ಇಳಿದ ಮೇಲೆ ಕಾಯಬೇಕಾಗುತ್ತದೆ, ಚಳಿಯಲ್ಲಿ ನಿದ್ದೆಗಣ್ಣಿನ ಮಗುವನ್ನು ಎತ್ತಿಕೊಂಡು ಕಾಯುವುದು ಯಾರಿಗೂ ಬೇಡ. ಈ ಕ್ರಮದಲ್ಲಿ ನಷ್ಟವೂ ಒಂದಿದೆ: ಹಳೇಬೀಡಿನ ಹಿಂಬದಿಯ ಪಶ್ಚಿಮ ಗೋಡೆ, ಅಲ್ಲಿಯ ಅತಿ ಚೆಲುವಿನ ದೊಡ್ಡ ಮೂರ್ತಿಗಳಿರುವ ಭಾಗ, ಬೆಳಿಗ್ಗೆ ನೆರಳಿನಲ್ಲಿರುತ್ತದೆ. ಫೋಟೊ ಮುಖ್ಯ ಎನ್ನುವವರಿಗೆ ಇದು ಕೊರತೆಯೇ.

ಬಸ್ಸಿನ ಸೇವೆಗೆ ಒಳ್ಳೆಯ ಅಂಕವನ್ನೇ ಕೊಡಬೇಕು. ಹಾಸನದಿಂದ ಹಳೇಬೀಡಿಗೆ ಮೂವತ್ತು ಕಿ.ಮೀ. ಚಿಲ್ಲರೆ, ಒಂದು ಗಂಟೆಯ ಹಾದಿ. ಹಳೇಬೀಡಿನಿಂದ ಬೇಲೂರು 16 ಕಿ.ಮೀ., ಅರ್ಧ ಗಂಟೆ. ಬೇಲೂರಿನಿಂದ ಹಾಸನಕ್ಕೆ ಸುಮಾರು 40, ಚಿಕ್ಕಮಗಳೂರಿಗೆ ಸುಮಾರು 25. ಘಾಟಿ ಇಲ್ಲದ ದಾರಿಯಾದ್ದರಿಂದ ಹೊಟ್ಟೆ ತೊಳಸುವುದು ಕಡಿಮೆ. ಆದರೂ ಹಿಂದಿನ ಚಕ್ರದ ಮೇಲಿನ ಮತ್ತು ಅದರಾಚೆಯ ಸೀಟು ಬೇಡ. ಕುಲುಕು ಅಲ್ಲಿಯೇ ಹೆಚ್ಚು, ಬೆನ್ನುನೋವಿರುವವರಿಗೂ ವಾಂತಿಯ ಮಕ್ಕಳಿಗೂ ಅದು ಒಂದೇ ಶತ್ರು.

ಟಿಕೆಟ್ಟಿನ ಲೆಕ್ಕ ತಿಳಿದಿರಲಿ. 2023ರ ಜೂನ್‌ನಲ್ಲಿ ಶುರುವಾದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಅಜ್ಜಿ ಕರ್ನಾಟಕದ ವಿಳಾಸವಿರುವ ಆಧಾರ್ ತೋರಿಸಿ ಶೂನ್ಯ ಟಿಕೆಟ್ ಕೇಳಿ ಪಡೆಯಬೇಕು. ಉಚಿತ ಅಂತ ಟಿಕೆಟ್ ತೆಗೆದುಕೊಳ್ಳದೆ ಕುಳಿತರೆ ತಪಾಸಣೆಯವರು ಬಂದಾಗ ತೊಂದರೆ. ಅರವತ್ತು ತುಂಬಿದ ತಾತನಿಗೆ ವಯಸ್ಸಿನ ದಾಖಲೆ ತೋರಿಸಿದರೆ ಶೇ. 25ರ ರಿಯಾಯಿತಿ ಇದೆ. ಕಂಡಕ್ಟರ್ ತಾವಾಗಿ ಕೇಳುವುದಿಲ್ಲ, ದುಡ್ಡು ಕೊಡುವ ಮೊದಲೇ ಕಾರ್ಡು ಕೈಯಲ್ಲಿರಲಿ. ಆರು ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ, ಹನ್ನೆರಡರವರೆಗೆ ಅರ್ಧ. ಹೊರರಾಜ್ಯದಲ್ಲಿ ನೆಲೆಸಿರುವ ಮಗಳು, ಮೊಮ್ಮಗಳಿಗೆ ಶಕ್ತಿ ಅನ್ವಯಿಸುವುದಿಲ್ಲ ಎಂಬುದನ್ನು ಮಾತ್ರ ಮನೆಯಲ್ಲೇ ಹೇಳಿ ಹೊರಡಿ.

ಇನ್ನು ಚಳಿ. ಹಾಸನವನ್ನು ಬಡವರ ಊಟಿ ಅನ್ನುವುದು ಸುಮ್ಮನೆ ಅಲ್ಲ. ಡಿಸೆಂಬರ್-ಜನವರಿಯ ಬೆಳಗು ಹದಿನಾಲ್ಕು, ಹದಿನೈದು ಡಿಗ್ರಿಗೆ ಇಳಿಯುತ್ತದೆ, ಬಯಲಿನಲ್ಲಿ ಎಂಟೂವರೆಯ ತನಕ ಮಂಜು. ಹನ್ನೊಂದಕ್ಕೆ ಅದೇ ಜಾಗದಲ್ಲಿ ಬಿಸಿಲು ಚುರುಗುಟ್ಟುತ್ತದೆ. ಆದ್ದರಿಂದ ಒಂದು ದಪ್ಪ ಜರ್ಕಿನ್‌ಗಿಂತ ಬನಿಯನ್ನು, ಪೂರ್ತಿ ತೋಳಿನ ಅಂಗಿ, ತೆಳು ಸ್ವೆಟರ್ ಹೀಗೆ ಪದರ ಪದರವಾಗಿ ಹಾಕಿ, ಒಂದೊಂದೇ ತೆಗೆಯಬಹುದು. ಮಕ್ಕಳು ಬಿಚ್ಚಿದ ಸ್ವೆಟರ್ ಹೊರುವುದು ತಾತನೇ, ಅದಕ್ಕೆಂದೇ ಒಂದು ಖಾಲಿ ಬಟ್ಟೆಚೀಲ ಜೊತೆಗಿರಲಿ. ವಯಸ್ಸಾದವರಿಗೆ ಕಿವಿ ಮುಚ್ಚುವ ಮಫ್ಲರ್ ಮುಖ್ಯ. ಚಳಿಗೆ ರಕ್ತನಾಳ ಬಿಗಿದು ಬಿ.ಪಿ. ಏರುವ ಹೊತ್ತು ಬೆಳಗಿನ ಜಾವವೇ. ದಾರಿಯಲ್ಲಿ ಶೌಚಾಲಯಕ್ಕೆ ಅವಸರವಾದೀತೆಂದು ಬಿ.ಪಿ. ಮಾತ್ರೆ ಬಿಡುವುದು, ನೀರು ಕುಡಿಯದೇ ಇರುವುದು ತುಂಬ ಮಂದಿ ಮಾಡುವ ಕೆಲಸ. ಮಧ್ಯಾಹ್ನ ಮೀನಖಂಡ ಹಿಡಿದುಕೊಳ್ಳುವುದಕ್ಕೆ ನೀರಿನ ಕೊರತೆಯೂ ಒಂದು ಕಾರಣ. ಮಾತ್ರೆಯ ಹೊತ್ತು ಬದಲಿಸಬೇಕಿದ್ದರೆ ಮೊದಲೇ ವೈದ್ಯರನ್ನು ಕೇಳಿ.

ಚಳಿಗಾಲವೇ ಏಕೆ ಎಂದರೆ ಉತ್ತರ ಕಲ್ಲಿನಲ್ಲಿದೆ. ಎರಡೂ ಗುಡಿಗಳಲ್ಲಿ ಚಪ್ಪಲಿ ಬಿಟ್ಟು ಜಗತಿಯ, ಅಂದರೆ ಗುಡಿ ನಿಂತಿರುವ ಎತ್ತರದ ಕಲ್ಲುಕಟ್ಟೆಯ, ಮೇಲೆ ನಡೆಯಬೇಕು. ಏಪ್ರಿಲ್-ಮೇನಲ್ಲಿ ಸೂರ್ಯ ನೆತ್ತಿಯ ಮೇಲೆಯೇ ಬರುವುದರಿಂದ ಹನ್ನೊಂದಾದರೆ ಕಾಲಿಡಲಾಗುವುದಿಲ್ಲ. ಡಿಸೆಂಬರಿನಲ್ಲಿ ನಡುಮಧ್ಯಾಹ್ನವೂ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಹಾಗಾಗಿ ದಕ್ಷಿಣದ ಗೋಡೆಗೆ ದಿನವಿಡೀ ಓರೆ ಬಿಸಿಲು, ಕೆತ್ತನೆಯ ಒಂದೊಂದು ಗೆರೆಗೂ ನೆರಳು ಬಿದ್ದು ಎದ್ದು ಕಾಣುತ್ತದೆ. ಸೂರಿನ ಕೆಳಗಿನ ಮದನಿಕೆಯರ ಮುಖಕ್ಕೂ ಬೆಳಕು ತಲುಪುತ್ತದೆ. ಉತ್ತರದ ಗೋಡೆ ಇಡೀ ದಿನ ನೆರಳು, ಅಲ್ಲಿನ ಕಲ್ಲು ಹತ್ತು ಗಂಟೆಗೂ ಮಂಜುಗಡ್ಡೆ. ಮಂಡಿನೋವಿನವರು ಪೂರ್ವ, ದಕ್ಷಿಣ ಮೊದಲು ಮುಗಿಸಿ ಉತ್ತರವನ್ನು ಕೊನೆಗಿಟ್ಟುಕೊಳ್ಳಿ.

ಕಾಲುಚೀಲದ ವಿಷಯ ಸಣ್ಣದಲ್ಲ. ಮಧುಮೇಹದಿಂದ ಪಾದದ ಸ್ಪರ್ಶ ಕಡಿಮೆಯಾಗಿರುವವರು ಬರಿಗಾಲಿನಲ್ಲಿ ನಡೆಯಲೇಬಾರದು, ಕಲ್ಲುಹರಳು ಚುಚ್ಚಿದ್ದು ಗೊತ್ತಾಗುವುದೇ ಸಂಜೆ. ಆದರೆ ಉಲ್ಲನ್ ಅಥವಾ ನೈಲಾನ್ ಕಾಲುಚೀಲ ಇನ್ನೊಂದು ಅಪಾಯ: ಗುಡಿಯೊಳಗಿನ ನೆಲ ಶತಮಾನಗಳ ಕಾಲ್ನಡಿಗೆಯಿಂದ ನುಣುಪಾಗಿದೆ, ತಿರುಗುವಾಗ ಜಾರುತ್ತದೆ. ಅಡಿಭಾಗದಲ್ಲಿ ರಬ್ಬರ್ ಚುಕ್ಕೆಗಳಿರುವ ದಪ್ಪ ಹತ್ತಿಯ ಕಾಲುಚೀಲವೇ ಸರಿ. ಮಕ್ಕಳಿಗೂ ಅದನ್ನೇ ಹಾಕಿ, ಓಡುವವರು ಅವರೇ ತಾನೇ.

ಹಾಸನದಿಂದ ಏಳೂವರೆಗೆ ಹೊರಟರೆ ಹಳೇಬೀಡಿನಲ್ಲಿ ಒಂಬತ್ತರೊಳಗೆ ಗುಡಿಯ ಮುಂದೆ ಇರುತ್ತೀರಿ. ದ್ವಾರಸಮುದ್ರದ ಕೆರೆಯ ಕಡೆಯಿಂದ ಬರುವ ಗಾಳಿ ತಣ್ಣಗಿರುತ್ತದೆ. ಹೊಯ್ಸಳೇಶ್ವರ ಗುಡಿಗೆ ಪ್ರವೇಶ ಶುಲ್ಕವಿಲ್ಲ. ಚಪ್ಪಲಿ ಸ್ಟ್ಯಾಂಡಿಗೆ, ವಾಹನವಿದ್ದರೆ ಪಾರ್ಕಿಂಗಿಗೆ ಚಿಲ್ಲರೆ ಇರಲಿ. ಗುಡಿಯ ಸುತ್ತ ಅಗಲವಾದ ಹುಲ್ಲುಹಾಸು. ಮೊದಲ ಹತ್ತು ನಿಮಿಷ ಮಕ್ಕಳನ್ನು ಅಲ್ಲಿ ಬಿಟ್ಟುಬಿಡಿ. ಬಸ್ಸಿನಲ್ಲಿ ಒಂದು ಗಂಟೆ ಕೂತ ಮಗುವನ್ನು ನೇರವಾಗಿ ಶಿಲ್ಪದ ಮುಂದೆ ನಿಲ್ಲಿಸಿದರೆ ಅದು ನೋಡುವುದಿಲ್ಲ.

1121ರ ಸುಮಾರಿಗೆ, ವಿಷ್ಣುವರ್ಧನನ ಕಾಲದಲ್ಲಿ ಶುರುವಾದ ಗುಡಿ ಇದು. ಗೋಡೆಯ ಬುಡದಲ್ಲಿ ಒಂದರ ಮೇಲೊಂದು ಎಂಟು ಪಟ್ಟಿಕೆಗಳಿವೆ: ಆನೆ, ಸಿಂಹ, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ಪುರಾಣದ ಕಥೆ, ಮಕರ, ಹಂಸ. ವಯಸ್ಸಿಗೆ ತಕ್ಕಂತೆ ಇವನ್ನು ಹಂಚಿಕೊಡಿ. ಮೂರರಿಂದ ಐದು ವರ್ಷದವರಿಗೆ ತಳದ ಆನೆ ಸಾಲು, ಅದು ಅವರ ಎತ್ತರದಲ್ಲೇ ಇದೆ. ಸೊಂಡಿಲನ್ನು ಬೇರೆ ಬೇರೆ ರೀತಿ ಇಟ್ಟಿರುವ ಆನೆಗಳನ್ನು ಹುಡುಕುತ್ತಾ ಒಂದು ಇಡೀ ಪಕ್ಕ ಮುಗಿಸಿಬಿಡುತ್ತಾರೆ. ಆರರಿಂದ ಒಂಬತ್ತರವರಿಗೆ ಮಕರ. ಮೊಸಳೆಯ ಬಾಯಿ, ಆನೆಯ ಸೊಂಡಿಲು, ಸಿಂಹದ ಪಾದ, ಹಂದಿಯ ಕಿವಿ, ನವಿಲಿನ ಬಾಲ, ಹೀಗೆ ಒಂದೇ ಮೃಗದಲ್ಲಿ ಎಷ್ಟು ಪ್ರಾಣಿಗಳಿವೆ ಎಂದು ಕೇಳಿ ಬಿಟ್ಟರೆ ಸಾಕು, ಕಾಲು ಗಂಟೆ ಅಲುಗುವುದಿಲ್ಲ. ಹತ್ತು ದಾಟಿದವರಿಗೆ ಕಥೆಯ ಪಟ್ಟಿಕೆ. ಶರಶಯ್ಯೆಯ ಭೀಷ್ಮ, ಚಕ್ರವ್ಯೂಹದ ಅಭಿಮನ್ಯು, ಸಮುದ್ರಮಥನ ಎಲ್ಲವೂ ಇವೆ. ಅದರ ಮೇಲಿನ ದೊಡ್ಡ ಮೂರ್ತಿಗಳಲ್ಲಿ ಗೋವರ್ಧನ ಎತ್ತಿದ ಕೃಷ್ಣ, ಕೈಲಾಸ ಎತ್ತಿದ ರಾವಣ. ಅದನ್ನೂ ಹುಡುಕುವ ಆಟ ಮಾಡಿ: ಬೆಟ್ಟ ಎತ್ತಿದವರು ಇಬ್ಬರಿದ್ದಾರೆ, ಯಾರು ಮೊದಲು ಕಂಡುಹಿಡಿಯುತ್ತಾರೆ?

ಹಳೇಬೀಡಿನಲ್ಲಿ ಗೈಡು ಬೇಕಿಲ್ಲ ಎಂಬುದು ಇಲ್ಲಿಯ ಖಚಿತ ಅಭಿಪ್ರಾಯ. ಮಹಾಭಾರತ, ಭಾಗವತದ ಕಥೆ ಗೊತ್ತಿರುವ ತಾತ ಅಥವಾ ಅಜ್ಜಿಗಿಂತ ಒಳ್ಳೆಯ ಗೈಡು ಆ ಗೋಡೆಗೆ ಸಿಗುವುದಿಲ್ಲ. ರಾತ್ರಿ ಮಲಗುವಾಗ ಹೇಳಿದ ಅಭಿಮನ್ಯುವಿನ ಕಥೆ ಬೆಳಿಗ್ಗೆ ಕಲ್ಲಿನಲ್ಲಿ ಕಂಡಾಗ ಮಗುವಿನ ಮುಖ ಅರಳುವುದನ್ನು ನೋಡಬೇಕು. ಆದ್ದರಿಂದ ಹೊರಡುವ ಹಿಂದಿನ ಎರಡು ಮೂರು ರಾತ್ರಿ ಈ ಕಥೆಗಳನ್ನು ಹೇಳಿಟ್ಟಿರಿ. ಇದು ಬಳಪದ ಕಲ್ಲು, ಗಣಿಯಿಂದ ತೆಗೆದಾಗ ಮೆದು, ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುತ್ತದೆ, ಅದಕ್ಕೇ ಒಡವೆಯ ಎಳೆಯನ್ನೂ ಕೊರೆಯಲು ಆಯಿತು ಎಂದೂ ಹೇಳಿ. ಸ್ಲೇಟು-ಬಳಪದಲ್ಲಿ ಅಕ್ಷರ ತಿದ್ದಿದ ಅಜ್ಜಿ ಇದನ್ನು ವಿವರಿಸಿದರೆ ಮೊಮ್ಮಕ್ಕಳಿಗೆ ತಟ್ಟನೆ ಅರ್ಥವಾಗುತ್ತದೆ.

ಪೂರ್ವದಲ್ಲಿ ಎರಡು ನಂದಿಗಳಿವೆ. ಮಕ್ಕಳಿಗೆ 'ಕಳೆದುಹೋದರೆ ನಂದಿ ಹತ್ತಿರ ಬಾ' ಎಂದಷ್ಟೇ ಹೇಳಿದರೆ ಒಬ್ಬರು ಒಂದು ನಂದಿಯ ಬಳಿ, ಇನ್ನೊಬ್ಬರು ಇನ್ನೊಂದರ ಬಳಿ ನಿಲ್ಲುತ್ತಾರೆ. ಹಿಂದೆ ಸೂರ್ಯನ ಗುಡಿ ಇರುವ ನಂದಿ ಎಂದು ಬಿಡಿಸಿ ಹೇಳಿ, ಕರೆದೊಯ್ದು ತೋರಿಸಿ. ಜೇಬಿನಲ್ಲಿ ಫೋನ್ ನಂಬರಿನ ಚೀಟಿ ಇರಲಿ.

ಗುಡಿಗೆ ಒಂದೂ ಮುಕ್ಕಾಲು ಗಂಟೆ ಸಾಕು. ಅಲ್ಲಿಂದ ಅರ್ಧ ಕಿ.ಮೀ. ಆಸುಪಾಸಿನಲ್ಲಿರುವ ಬಸದಿಹಳ್ಳಿಯ ಬಸದಿಗಳನ್ನು ತಪ್ಪಿಸಬೇಡಿ. ಟೂರ್ ಬಸ್ಸುಗಳು ಬಹುತೇಕ ಇಲ್ಲಿ ನಿಲ್ಲಿಸುವುದೇ ಇಲ್ಲ, ಇದು ದೊಡ್ಡ ಲೋಪ. ಪಾರ್ಶ್ವನಾಥ ಬಸದಿಯ ಕಂಬಗಳನ್ನು ಕಡೆದು ಎಷ್ಟು ಹೊಳಪು ಕೊಟ್ಟಿದ್ದಾರೆಂದರೆ ಮುಖ ಕಾಣುತ್ತದೆ, ಕಂಬದ ಬಾಗಿಗೆ ತಕ್ಕಂತೆ ಉದ್ದವಾಗಿ, ಗಿಡ್ಡವಾಗಿ. ಮಕ್ಕಳಿಗೆ ಇಡೀ ದಿನದಲ್ಲಿ ಅತ್ಯಂತ ಖುಷಿ ಕೊಡುವ ಜಾಗ ಇದೇ. ಒಳಗೆ ಮಬ್ಬು, ಹೊಸ್ತಿಲು ಎತ್ತರ, ಬಾಗಿಲಲ್ಲಿ ಕಣ್ಣು ಹೊಂದುವ ತನಕ ನಿಂತು ಆಮೇಲೆ ಕಾಲಿಡಿ. ಇನ್ನೂ ಸ್ವಲ್ಪ ಮುಂದಿರುವ ಕೇದಾರೇಶ್ವರ ಗುಡಿ ಶಾಂತ, ಚೊಕ್ಕ. ಮಂಡಿ ಒಪ್ಪಿದರೆ ಹೋಗಿ, ಇಲ್ಲದಿದ್ದರೆ ಆಟೊ ಹತ್ತಿ.

ಊಟಕ್ಕೆ ಹಳೇಬೀಡಿನಲ್ಲಿ ಗುಡಿಯ ಎದುರಿಗೇ ಪ್ರವಾಸೋದ್ಯಮ ನಿಗಮದ ಮಯೂರ ಶಾಂತಲಾ ಇದೆ, ಬೇಲೂರಿನಲ್ಲಿ ಅದೇ ನಿಗಮದ ಮಯೂರ ವೇಲಾಪುರಿ. ನಡೆಯದೆ ತಲುಪಬಹುದಾದ್ದು ಮುದುಕರಿಗೆ ಅನುಕೂಲ. ಆದರೂ ಸಣ್ಣ ಮಕ್ಕಳಿದ್ದರೆ ಬುತ್ತಿಯೇ ಮೇಲು. ಅಕ್ಕಿರೊಟ್ಟಿ ಕಟ್ಟಬೇಡಿ, ಮೂರು ಗಂಟೆಯೊಳಗೆ ಚರ್ಮದಂತಾಗುತ್ತದೆ. ಪುಳಿಯೋಗರೆ, ಚಪಾತಿ ಕೆಡುವುದಿಲ್ಲ. ಮೊಸರನ್ನಕ್ಕೆ ಬೆಳಿಗ್ಗೆಯೇ ಮೊಸರು ಸುರಿದರೆ ಮಧ್ಯಾಹ್ನಕ್ಕೆ ಹುಳಿ. ಒಂದು ಅಳತೆ ಮೆತ್ತಗಿನ ಅನ್ನಕ್ಕೆ ಒಂದೂವರೆ ಅಳತೆ ಉಗುರುಬೆಚ್ಚಗಿನ ಹಾಲು ಹಾಕಿ, ಬೇಸಿಗೆಯಲ್ಲಿ ಎರಡು ಚಮಚ ಮೊಸರು ಸಾಕು, ಚಳಿಗೆ ಹೆಪ್ಪು ನಿಧಾನವಾದ್ದರಿಂದ ಮೂರು ಚಮಚ ಕಲಸಿ ಡಬ್ಬಿ ಮುಚ್ಚಿ. ಮಧ್ಯಾಹ್ನ ಒಂದು ಗಂಟೆಗೆ ಹದವಾಗಿರುತ್ತದೆ. ಅವರೆಕಾಯಿ ಸೊಗಡಿನ ಕಾಲ, ಉಪ್ಪಿಟ್ಟಿಗೆ ಅವರೆಕಾಳು ಬೇಕೇ ಬೇಕು ಅನಿಸುತ್ತದೆ. ಪ್ರಯಾಣದ ಬೆಳಿಗ್ಗೆ ಹಿತುಕಿದ ಬೇಳೆಯನ್ನೇ ಹಾಕಿ, ಸಿಪ್ಪೆಸಹಿತ ಕಾಳು ವಯಸ್ಸಾದವರಿಗೆ ಹೊಟ್ಟೆ ಉಬ್ಬರಿಸುತ್ತದೆ. ಅರ್ಧ ಲೀಟರ್ ಫ್ಲಾಸ್ಕಿನಲ್ಲಿ ಬಿಸಿನೀರು, ಬೇರೆ ಎರಡು ಲೀಟರ್ ನೀರು ನಾಲ್ವರಿಗೆ ಸಾಕು. ಕಿತ್ತಳೆ ಈಗ ಹೇರಳ.

ಬೇಲೂರಿಗೆ ಎರಡೂವರೆಗೆ ತಲುಪಿದರೆ ಸರಿ. ಮಧ್ಯಾಹ್ನ ಗರ್ಭಗುಡಿ ಮುಚ್ಚಿರುತ್ತದೆ, ಮೂರರ ಸುಮಾರಿಗೆ ತೆರೆಯುವ ತನಕ ಹೊರಗೆ ನೋಡುವುದು ಬೇಕಾದಷ್ಟಿದೆ. 1117ರಲ್ಲಿ ಚೆನ್ನಕೇಶವನ ಪ್ರತಿಷ್ಠೆಯಾದ ಗುಡಿ, 2023ರ ಸೆಪ್ಟೆಂಬರಿನಲ್ಲಿ ಹಳೇಬೀಡು, ಸೋಮನಾಥಪುರದ ಜೊತೆ ಯುನೆಸ್ಕೊ ಪಟ್ಟಿ ಸೇರಿತು. ಅಂಗಳದ 42 ಅಡಿಯ ದೀಪಸ್ತಂಭ ಬರೀ ತನ್ನ ತೂಕದ ಮೇಲೆ ನಿಂತಿದೆ, ಬುಡವನ್ನು ನೆಲಕ್ಕೆ ಬಿಗಿದಿಲ್ಲ. ಮಕ್ಕಳು ಬಗ್ಗಿ ನೋಡಿದರೆ ಒಂದು ಬದಿಯಲ್ಲಿ ಬುಡದಡಿ ಬೆಳಕು ಕಾಣುತ್ತದೆ. ಹುಲಿಯ ಮೇಲೆರಗಿದ ಸಳನ ಲಾಂಛನದ ಮುಂದೆ ಕಥೆ ಹೇಳಿ ಮುಂದೆ ನಡೆಯಿರಿ.

ಇಲ್ಲಿ ಮಾತ್ರ ಗೈಡು ಬೇಕು. ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ ಕೊರಳಲ್ಲಿರುವವರನ್ನೇ ಕರೆಯಿರಿ, ದರವನ್ನು ಮೊದಲೇ ಮಾತಾಡಿ. ಅವರ ವಿವರಣೆ ದೊಡ್ಡವರಿಗೆಂದು ರೂಪುಗೊಂಡದ್ದು: ರಾಜರ ವಂಶಾವಳಿ, ಇಸವಿ, ಅಳತೆ. ಹದಿನೈದನೇ ನಿಮಿಷಕ್ಕೆ ಮಗು ಕೈ ಎಳೆಯಲು ಶುರುಮಾಡುತ್ತದೆ. 'ಸ್ವಾಮಿ, ಮಕ್ಕಳಿದ್ದಾರೆ, ಮುಕ್ಕಾಲು ಗಂಟೆಯಲ್ಲಿ ಕಥೆ ಇರುವ ಶಿಲ್ಪ ಮಾತ್ರ ತೋರಿಸಿ' ಎಂದು ಮೊದಲೇ ಕೇಳಿಕೊಂಡರೆ ಖುಷಿಯಿಂದ ಬದಲಿಸಿಕೊಳ್ಳುತ್ತಾರೆ, ಇದು ಅವರ ಸೇವೆಯ ದೊಡ್ಡ ಗುಣ. ಹಲಸಿನ ಹಣ್ಣಿನ ಮೇಲೆ ಕೂತ ನೊಣ, ಅದನ್ನು ಹಿಡಿಯಲು ಹೊಂಚುಹಾಕಿದ ಹಲ್ಲಿ, ಸೀರೆ ಎಳೆಯುವ ಕೋತಿ, ಗಿಳಿಯೊಡನೆ ಮಾತಾಡುವ ಶುಕಭಾಷಿಣಿ, ದರ್ಪಣಸುಂದರಿ. ಇವುಗಳ ನೆಲೆ ಗೊತ್ತಿಲ್ಲದಿದ್ದರೆ ಹುಡುಕಿ ಸಾಕಾಗುತ್ತದೆ. ಒಟ್ಟು 42 ಮದನಿಕೆಯರಲ್ಲಿ 38 ಹೊರಗೆ, ನಾಲ್ವರು ಒಳಗೆ. ಬೈನಾಕ್ಯುಲರ್ ಒಯ್ಯುವುದಾದರೆ ಹತ್ತಿರದ ವಸ್ತುವೂ ಸ್ಪಷ್ಟವಾಗುವಂಥದ್ದು, ಮೂರು ಮೀಟರಿನಲ್ಲಿ ಫೋಕಸ್ ಆಗುವಂಥದ್ದು ಬೇಕು. ಆಟಿಕೆಯ ಬೈನಾಕ್ಯುಲರಿನಲ್ಲಿ ಎಲ್ಲವೂ ಮಸುಕು. ಕತ್ತು ನೋವಿರುವವರು ಗೋಡೆಯ ಬುಡದಲ್ಲಿ ನಿಲ್ಲದೆ ಜಗತಿಯ ಅಂಚಿಗೆ ಸರಿದು ನೋಡಿ, ಕತ್ತು ಅಷ್ಟು ಹಿಂದಕ್ಕೆ ಬಾಗುವುದಿಲ್ಲ. ಅಂಚಿನ ಕಡೆ ಬೆನ್ನು ಹಾಕಿ ಹಿಂದೆ ಹಿಂದೆ ನಡೆಯಬೇಡಿ, ಮೊದಲು ತಿರುಗಿ ಜಾಗ ನೋಡಿಕೊಳ್ಳಿ.

ಒಳಗೆ ಜಾಲಂಧ್ರಗಳಿಂದ (ತೂತುಗಳ ಕಲ್ಲಿನ ಕಿಟಕಿಗಳಿಂದ) ಬರುವಷ್ಟೇ ಬೆಳಕು. ಬಿಸಿಲಿನಿಂದ ಒಳಹೊಕ್ಕ ವಯಸ್ಸಾದ ಕಣ್ಣಿಗೆ ಎರಡು ನಿಮಿಷವಾದರೂ ಬೇಕು, ಮಗುವಿಗೆ ಅರ್ಧ ಕ್ಷಣ ಸಾಕು. ಅದು ಓಡುತ್ತದೆ, ಅಜ್ಜಿ ಎಡವುತ್ತಾರೆ. ಒಳಗಿರುವಷ್ಟು ಹೊತ್ತು ಕೈ ಬಿಡಬೇಡಿ. ನರಸಿಂಹ ಕಂಬ, ಮೋಹಿನಿಯ ಕಂಬ, ನಡುಛಾವಣಿ ಇಷ್ಟು ನೋಡಿ ದರ್ಶನ ಮುಗಿಸಿ. ಜಗತಿಯಿಂದ ಇಳಿಯುವಾಗ ಮೆಟ್ಟಿಲು ಎತ್ತರವಾದ್ದರಿಂದ ಅಡ್ಡಕ್ಕೆ ತಿರುಗಿ, ನೋವಿರುವ ಕಾಲನ್ನು ಮೊದಲು ಕೆಳಗಿಡಿ.

ನಾಲ್ಕೂವರೆಯೊಳಗೆ ಬಸ್ ನಿಲ್ದಾಣದಲ್ಲಿರಿ. ಕಾಲೇಜು ಬಿಟ್ಟ ಮೇಲೆ ಸೀಟು ಸಿಗುವುದು ಕಷ್ಟ, ಆರಕ್ಕೆ ಸೂರ್ಯ ಮುಳುಗಿದ ಮೇಲೆ ಚಳಿ ಬೇಗ ಏರುತ್ತದೆ. ಬಿಚ್ಚಿಕೊಟ್ಟ ಸ್ವೆಟರು ಬಸ್ಸು ಹತ್ತುವ ಮೊದಲೇ ಮತ್ತೆ ಮೈಮೇಲೆ ಬರಲಿ.

ಸ್ವಂತ ಕಾರಿದ್ದು ಮಂಡಿ ತೀರಾ ಸೋತಿದ್ದರೆ ಬೇಲೂರಿನ ಬದಲು ಬೆಳವಾಡಿಯ ವೀರನಾರಾಯಣ ಗುಡಿ. ಹಳೇಬೀಡಿನಿಂದ ಹತ್ತು ಹನ್ನೆರಡು ಕಿ.ಮೀ., ಚಿಕ್ಕಮಗಳೂರು ಜಿಲ್ಲೆ. ಬಾಗಿಲಲ್ಲಿ ಎರಡು ಕಲ್ಲಾನೆ, ಒಳಗೆ ಹೊಳಪಿನ ಕಂಬಗಳ ವಿಶಾಲ ಮಂಟಪ, ಜನಜಂಗುಳಿ ಇಲ್ಲ. ಭೀಮ ಬಕಾಸುರನನ್ನು ಕೊಂದ ಏಕಚಕ್ರನಗರ ಇದೇ ಎಂದು ಊರಿನವರ ನಂಬಿಕೆ, ಬಂಡಿ ಅನ್ನ ಉಂಡ ಕಥೆಗೆ ಇದಕ್ಕಿಂತ ತಕ್ಕ ಜಾಗವಿಲ್ಲ. ಹಾಸನದವರಿಗೆ ಬೇಲೂರು ರಸ್ತೆಯ ದೊಡ್ಡಗದ್ದವಳ್ಳಿಯೂ ಇದೆ. ಅಲ್ಲಿಯ ಕಾಳಿಯ ಗುಡಿಯ ಬಾಗಿಲಲ್ಲಿ ಎಲುಬು ಎದ್ದ ಬೇತಾಳಗಳಿವೆ. ಏಳೆಂಟು ವರ್ಷದ ಹುಡುಗರು ಅದನ್ನು ಬಿಟ್ಟು ಕದಲುವುದಿಲ್ಲ, ಮೂರು ವರ್ಷದವರು ರಾತ್ರಿ ಬೆಚ್ಚಬಹುದು. ಶ್ರವಣಬೆಳಗೊಳವನ್ನು ಈ ಪಟ್ಟಿಗೆ ಸೇರಿಸಿಲ್ಲ. ಡೋಲಿ ಸೇವೆ ಇದೆ ನಿಜ, ಆದರೆ ತಾತ ಡೋಲಿಯಲ್ಲಿ, ಮಕ್ಕಳು ಮೆಟ್ಟಿಲಿನಲ್ಲಿ ಬೇರೆ ಬೇರೆಯಾದಾಗ ಮಕ್ಕಳ ಮೇಲೆ ಕಣ್ಣಿಡಲು ಮೂರನೆಯ ದೊಡ್ಡವರು ಬೇಕೇ ಬೇಕು.

ದಿನ ಆರಿಸುವಾಗ: ನವೆಂಬರಿನಿಂದ ಜನವರಿ ಶಾಲಾ ಪ್ರವಾಸದ ಬಸ್ಸುಗಳ ಕಾಲ, ಶಬರಿಮಲೆ ಯಾತ್ರಿಗಳೂ ಇದೇ ದಾರಿಯಲ್ಲಿ ಬರುತ್ತಾರೆ. ಹನ್ನೊಂದರಿಂದ ಎರಡರ ತನಕ ನೂಕುನುಗ್ಗಲು. ವೈಕುಂಠ ಏಕಾದಶಿಯಂದು ಬೇಲೂರು ಬೇಡ. ದತ್ತಜಯಂತಿಯ ಮೂರು ನಾಲ್ಕು ದಿನ ಚಿಕ್ಕಮಗಳೂರಿನ ರಸ್ತೆಗಳಲ್ಲಿ ತಪಾಸಣೆ, ಮುಳ್ಳಯ್ಯನಗಿರಿ, ಬಾಬಾಬುಡನ್‌ಗಿರಿಯ ಕಡೆಗೆ ಪ್ರವಾಸಿಗರಿಗೆ ನಿರ್ಬಂಧ ಇರುವುದರಿಂದ ಆ ಜನವೂ ಬೇಲೂರಿನತ್ತ ತಿರುಗುತ್ತದೆ. ಹಳೇಬೀಡಿನ ಪುರಾತತ್ವ ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಮಂಗಳವಾರ, ಬುಧವಾರ, ಗುರುವಾರಗಳಲ್ಲಿ ಒಂದನ್ನು ಹಿಡಿಯಿರಿ.